ಕೆಳಗೆ ಹನಿ ಬಿದ್ದಿಲ್ಲ ಅಂದರೆ ಸೋರುತ್ತಿಲ್ಲ ಅಂತಲ್ಲ

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ತಿಂಗಳು ಕಂಪನಿಯಿಂದ ರೀಕಾಲ್ ಪತ್ರ ಬಂತು. ಇಂಜಿನ್ ಹತ್ತಿರ ಪೆಟ್ರೋಲ್ ಸೋರುವ ಸಾಧ್ಯತೆ ಇದೆ, ಬೆಂಕಿಯ ಅಪಾಯ ಇದೆ, ಸರ್ವಿಸ್ ಸೆಂಟರ್‌ಗೆ ತನ್ನಿ ಅಂತ ಬರೆದಿದ್ದಾರೆ. ಫೋನ್ ಮಾಡಿದರೆ ಪಾರ್ಟ್ ಇನ್ನೂ ಬಂದಿಲ್ಲ, ಆರು ವಾರ ಆಗಬಹುದು ಅಂದರು. ಕಾರು ನಿಲ್ಲೋದು ಮನೆಯ ಕೆಳಗೆ. ಅದರ ಮೇಲೇ ಮಕ್ಕಳು ಮಲಗುವ ಕೋಣೆ. ಒಂದೊಂದು ದಿನ ಬೆಳಿಗ್ಗೆ ಪೆಟ್ರೋಲ್ ವಾಸನೆ ಬರುತ್ತೆ, ಓಡಿಸಿದ ಐದು ನಿಮಿಷಕ್ಕೆ ಹೋಗುತ್ತೆ. ಪರಿಚಯದ ಮೆಕ್ಯಾನಿಕ್ ನೋಡಿ, ‘ಕೆಳಗೆ ಒಂದು ಹನಿ ಬಿದ್ದಿಲ್ಲ, ಆರಾಮಾಗಿ ಓಡಿಸಿ ಮೇಡಂ’ ಅಂದರು. ಭಾವನವರು ಅರ್ಧ ಟ್ಯಾಂಕ್‌ಗಿಂತ ಜಾಸ್ತಿ ಹಾಕಿಸಬೇಡ ಅಂತಾರೆ. ನಮ್ಮ ಯಜಮಾನರು ಇದೆಲ್ಲ ಕಂಪನಿಯವರ ಫಾರ್ಮಾಲಿಟಿ ಅಂತಾರೆ. ಓಡಿಸಬಹುದಾ? ಸುಮ್ನೆ ನಿಲ್ಲಿಸಿಬಿಡಲಾ? ಹೊರಗೆ ರಿಪೇರಿ ಮಾಡಿಸಬಹುದಾ? ಇಲ್ಲಾ ಮಾರಿಬಿಡೋದೇ ಒಳ್ಳೇದಾ?

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಕಾರನ್ನು ಇವತ್ತೇ ಮನೆಯ ಕೆಳಗಿಂದ ಹೊರಗೆ ತನ್ನಿ. ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡು ತನ್ನಿ. ಗೇಟು, ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿ ಆಡಲು ಬಿಡಿ. ಅಲ್ಲಿನ ಲೈಟಿನ ಸ್ವಿಚ್, ನೀರಿನ ಪಂಪಿನ ಸ್ವಿಚ್ ಮುಟ್ಟಬೇಡಿ. ಆಮೇಲೆ ಸ್ಟೇರಿಂಗ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಮೂರು ನಾಲ್ಕು ಜನ ಸೇರಿ ತಳ್ಳಿ. ಮೀಟರಿನ ದೀಪಗಳೆಲ್ಲ ಹತ್ತುವವರೆಗೆ ಕೀ ತಿರುಗಿಸಿದರೆ ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡು ಓಡಿ ಪೈಪಿನಲ್ಲಿ ಒತ್ತಡ ತುಂಬುತ್ತದೆ. ಅದು ಈಗ ಬೇಡ. ಇಂಜಿನ್ ಆಫ್ ಇದ್ದಾಗ ಬ್ರೇಕ್ ಗಟ್ಟಿ ಇರುತ್ತದೆ, ಜೋರಾಗಿ ತುಳಿಯಬೇಕಾಗುತ್ತದೆ. ಇಳಿಜಾರು ಇದ್ದರೆ ಈ ಸಾಹಸ ಮಾಡದೆ ಎಳೆದು ಒಯ್ಯುವವರನ್ನು ಕರೆಸಿ. ಗೋಡೆಯಿಂದ, ಇನ್ನೊಂದು ಗಾಡಿಯಿಂದ ದೂರ, ಬಯಲಲ್ಲಿ ನಿಲ್ಲಿಸಿ.

ಇಷ್ಟು ಗಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ರೀಕಾಲ್ ಪತ್ರ ಒಂದೇ ಬಂದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ವಾಸನೆ ಒಂದೇ ಇದ್ದಿದ್ದರೂ ಇಷ್ಟು ಅವಸರ ಮಾಡುತ್ತಿರಲಿಲ್ಲ. ನಿಮ್ಮ ಕಾರಿನಲ್ಲಿ ಎರಡೂ ಒಟ್ಟಿಗೆ ಇವೆ. ಯಾವ ಭಾಗ ಸೋರಬಹುದು ಅಂತ ತಯಾರಿಸಿದವರೇ ಹೇಳುತ್ತಿದ್ದಾರೋ, ಆ ಕಡೆಯಿಂದಲೇ ವಾಸನೆ ಬರುತ್ತಿರಬಹುದು.

ಈಗ ನಿಮ್ಮ ಮೆಕ್ಯಾನಿಕ್ ಮಾತಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ. ಹನಿ ಬಿದ್ದಿರಲಿಕ್ಕಿಲ್ಲ. ಆದರೆ ಕೆಳಗೆ ಹನಿ ಕಂಡರೆ ಮಾತ್ರ ಸೋರಿಕೆ ಅನ್ನೋದು ಇಂಜಿನ್ ಆಯಿಲ್‌ಗೆ, ಕೂಲೆಂಟ್‌ಗೆ ಸರಿಹೋಗುವ ಲೆಕ್ಕ. ಪೆಟ್ರೋಲ್‌ಗೆ ಅದು ನಡೆಯೋದಿಲ್ಲ. ಬಿಸಿ ಇಂಜಿನ್ ಮೇಲೆ ಜಿನುಗಿದ ಪೆಟ್ರೋಲ್ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ. ಕಲೆ ಕೂಡ ಉಳಿಯದೆ ಇರಬಹುದು. ಎಷ್ಟೋ ಕಾರುಗಳಲ್ಲಿ ಇಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆಯಂತಹ ಕವರ್ ಬೇರೆ ಇರುತ್ತದೆ. ಬಿದ್ದದ್ದೆಲ್ಲ ಅದರ ಮೇಲೇ ನಿಲ್ಲುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯ. ವಾಸನೆ ಬೆಳಿಗ್ಗೆ ಬರುತ್ತೆ, ಐದು ನಿಮಿಷಕ್ಕೆ ಹೋಗುತ್ತೆ ಅಂತ ಬರೆದಿದ್ದೀರಿ. ಆ ಸಾಲು ಓದಿದ ತಕ್ಷಣ ನನಗೆ ಓ-ರಿಂಗ್ ನೆನಪಾಯಿತು. ಪೆಟ್ರೋಲ್ ಪೈಪು, ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೇರುವ ಕಡೆಯಲ್ಲೆಲ್ಲ ಬೆರಳಿನ ಉಂಗುರಕ್ಕಿಂತ ಚಿಕ್ಕ ರಬ್ಬರ್ ಬಳೆಗಳಿರುತ್ತವೆ. ಹೊಸದರಲ್ಲಿ ಮೆತ್ತಗಿದ್ದು ಸಂದನ್ನು ತುಂಬಿಕೊಳ್ಳುತ್ತವೆ. ವರ್ಷ ಕಳೆದಂತೆ, ಇಲ್ಲವೇ ರಬ್ಬರ್ ಬೆರಕೆ ಸರಿಯಿಲ್ಲದಿದ್ದರೆ ಬೇಗನೇ, ಬಿರುಸಾಗುತ್ತವೆ. ರಾತ್ರಿಯ ತಂಪಿಗೆ ಇನ್ನಷ್ಟು ಬಿರುಸಾಗಿ ಕುಗ್ಗುತ್ತವೆ. ಬೆಳಿಗ್ಗೆ ಪಂಪ್ ಒತ್ತಡ ಕೊಟ್ಟಾಗ ಸಂದಿನಿಂದ ಜಿನುಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಕಾರು ಓಡಿಸಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ನಿಲ್ಲಿಸುವ ಹೊತ್ತಿಗೆ ಎಲ್ಲಾ ಒಣಗಿರುತ್ತದೆ.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿದ್ದೇನೆ. ಒಂದು ಕಾರು ಇದೇ ದೂರಿನ ಮೇಲೆ ನಮ್ಮ ಹತ್ತಿರ ಮೂರು ಸಲ ಬಂದಿತ್ತು. ಮೂರು ಸಲವೂ ‘ಏನೂ ತೊಂದರೆ ಇಲ್ಲ’ ಅಂತ ಬರೆದು ಕಳಿಸಿದ್ದೆವು. ನಾಲ್ಕನೇ ಸಲ ಆ ಹೆಂಗಸು, ‘ಇವತ್ತು ರಾತ್ರಿ ಇಲ್ಲೇ ಬಿಡ್ತೀನಿ, ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ನೋಡಿ’ ಅಂದರು. ಬೆಳಿಗ್ಗೆ ಬಾನೆಟ್ ತೆರೆದಿಟ್ಟು ಕೀ ತಿರುಗಿಸಿದರೆ ಮೂರನೇ ಇಂಜೆಕ್ಟರ್ ಬುಡ ಒದ್ದೆಯಾಗಿ ಹೊಳೆಯುತ್ತಿತ್ತು. ಹದಿನೈದು ಸೆಕೆಂಡು ಅಷ್ಟೇ. ಆ ಕಾರನ್ನು ಮೂರು ಸಲ ವಾಪಸ್ ಕಳಿಸಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅಂದಿನಿಂದ ಬೆಳಗಿನ ವಾಸನೆ ಅಂತ ಯಾರು ಹೇಳಿದರೂ ಕಾರನ್ನು ರಾತ್ರಿ ನಿಲ್ಲಿಸಿಕೊಂಡು, ತಣ್ಣಗಿನ ಇಂಜಿನ್‌ನಲ್ಲೇ ನೋಡುತ್ತೇನೆ.

ಹಾಗಂತ ಬೆಳಿಗ್ಗೆ ಬರುವ ಎಲ್ಲಾ ವಾಸನೆಯೂ ಸೋರಿಕೆ ಅಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವಾಗ ಬೇಕಿದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಪೂರ್ತಿ ಉರಿಯದ ಹೊಗೆ ಸೈಲೆನ್ಸರ್‌ನಿಂದ ಬರುತ್ತದೆ, ಅದಕ್ಕೂ ಪೆಟ್ರೋಲಿನದೇ ಛಾಯೆ ಇರುತ್ತದೆ. ವ್ಯತ್ಯಾಸ ತಿಳಿಯೋದು ಸುಲಭ. ಕಾರು ಈಗ ಬಯಲಲ್ಲಿ ಇರುತ್ತದಲ್ಲ, ನಾಳೆ ಬೆಳಿಗ್ಗೆ ಕೀ ಮುಟ್ಟುವ ಮೊದಲು ಬಾನೆಟ್ ಹತ್ತಿರ, ಮುಂದಿನ ಚಕ್ರಗಳ ಹತ್ತಿರ ನಿಂತು ಮೂಸಿ ನೋಡಿ. ಇಂಜಿನ್ ಇನ್ನೂ ಓಡೇ ಇಲ್ಲ, ಹೊಗೆಯ ಮಾತೇ ಬರೋದಿಲ್ಲ. ಆಗಲೂ ಹಸಿ ಪೆಟ್ರೋಲ್ ವಾಸನೆ ಬಂದರೆ ಅದು ಸೋರಿಕೆಯೇ ಅಂತ ತಿಳಿದು ನಡೆದುಕೊಳ್ಳಿ. ಬರದಿದ್ದರೆ ಮಾತ್ರ ‘ಸೋರುತ್ತಿಲ್ಲ’ ಅಂತ ತೀರ್ಮಾನ ಮಾಡಬೇಡಿ. ಪಂಪ್ ಒತ್ತಡ ಕೊಟ್ಟಾಗ ಮಾತ್ರ ಜಿನುಗುವ ಸಂದುಗಳೂ ಇರುತ್ತವೆ. ಇನ್ನೊಂದು ವಿಷಯ, ನಮ್ಮ ಮೂಗು ಬೇಗ ಸೋಲುತ್ತದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಅದು ಗೊತ್ತೇ ಆಗೋದಿಲ್ಲ. ನಿಮ್ಮ ಐದು ನಿಮಿಷದಲ್ಲಿ ವಾಸನೆ ಹೋಗಿದೆಯೋ, ಮೂಗು ಒಗ್ಗಿಕೊಂಡಿದೆಯೋ ಹೇಳೋದು ಕಷ್ಟ. ಹೊರಗಿಂದ ಆಗ ತಾನೇ ಬಂದವರನ್ನು ಕರೆದು ಕೇಳಿ.

ಮನೆಯ ಕೆಳಗೆ ನಿಲ್ಲಿಸಬೇಡಿ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಬೆಂಕಿ ಹತ್ತೋದು ದ್ರವ ಪೆಟ್ರೋಲ್‌ಗಲ್ಲ, ಅದರ ಆವಿಗೆ. ಗಾಳಿಯಲ್ಲಿ ಆ ಆವಿ ಸುಮಾರು ಶೇಕಡ 1.4ರಿಂದ 7.6ರವರೆಗೆ ಇದ್ದರೆ ಒಂದು ಕಿಡಿ ಸಾಕು. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ಅದಕ್ಕೆ ಬೇಸಿಗೆ, ಮಳೆಗಾಲ ಎಲ್ಲಾ ಒಂದೇ. ಆ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗೋದಿಲ್ಲ. ನೆಲದ ಮೇಲೇ ಹರಡಿ ಮೂಲೆಯಲ್ಲಿ, ಗುಂಡಿಯಲ್ಲಿ, ಮೋರಿಯಲ್ಲಿ ಕೂರುತ್ತದೆ. ಬಯಲಿನಲ್ಲಿ ಗಾಳಿ ಅದನ್ನು ಚದುರಿಸುತ್ತದೆ. ಮೂರು ಕಡೆ ಗೋಡೆ ಇರುವ ಜಾಗದಲ್ಲಿ ಅದು ರಾತ್ರಿಯಿಡೀ ಸೇರುತ್ತಾ ಹೋಗುತ್ತದೆ. ಬೆಳಿಗ್ಗೆ ಯಾರೋ ಸ್ವಿಚ್ ಒತ್ತಿದಾಗಿನ ಕಿಡಿ ಸಾಕಾಗುತ್ತದೆ.

ನಿಲ್ಲಿಸಿದ ಕಾರಿಗೆ ಏನಾಗುತ್ತೆ ಅಂತ ಎಷ್ಟೋ ಜನ ಕೇಳುತ್ತಾರೆ. ಓಡುವಾಗ ಬಾನೆಟ್ ಒಳಗೆ ಗಾಳಿ ನುಗ್ಗಿ ಆವಿಯನ್ನು ಹೊರಗೆ ದೂಡುತ್ತಿರುತ್ತದೆ. ಕಾರು ನಿಂತ ಕೂಡಲೇ ಆ ಗಾಳಿ ನಿಂತುಹೋಗುತ್ತದೆ. ಇಂಜಿನ್ನಿನ ಬಿಸಿ ಎಲ್ಲಾ ಒಳಗೇ ಉಳಿದು, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಾನೆಟ್ ಒಳಗಿನ ಶಾಖ ಏರುತ್ತದೆ. ಪೈಪಿನಲ್ಲಿ ಒತ್ತಡ ಹಾಗೇ ಇರುತ್ತದೆ, ಮುಂದಿನ ಸಲ ಬೇಗ ಸ್ಟಾರ್ಟ್ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಆದ್ದರಿಂದ ಮನೆ ತಲುಪಿ ಇಳಿದ ಮೊದಲ ಅರ್ಧ ಗಂಟೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ‘ಹೊರಗೆ ನಿಲ್ಲಿಸಿ’ ಅಂತ ಕಂಪನಿಗಳು ಕೆಲವು ರೀಕಾಲ್‌ಗಳಲ್ಲಿ ಬರೆಯೋದು ಇದೇ ಕಾರಣಕ್ಕೆ. ಕಾರಿನ ಮೇಲೆ ಬಟ್ಟೆಯ ಹೊದಿಕೆ ಹಾಕುವ ಅಭ್ಯಾಸ ಇದ್ದರೆ ರಿಪೇರಿ ಆಗುವವರೆಗೆ ಅದನ್ನೂ ಬಿಡಿ.

ಭಾವನವರ ಅರ್ಧ ಟ್ಯಾಂಕ್ ಸಲಹೆಯಲ್ಲಿ ಸ್ವಲ್ಪ ಸತ್ಯ ಇದೆ, ಅದಕ್ಕೇ ಅದು ಅಪಾಯ. ಎಲ್ಲಿ ಸೋರುತ್ತಿದೆ ಅನ್ನೋದರ ಮೇಲೆ ಅದು ನಿಂತಿದೆ. 2014ರಲ್ಲಿ ಮಾರುತಿ ಸುಜುಕಿ ಕಂಪನಿ ಡಿಜೈರ್, ಸ್ವಿಫ್ಟ್, ಎರ್ಟಿಗಾ ಸೇರಿ 1,03,311 ಕಾರುಗಳನ್ನು ವಾಪಸ್ ಕರೆಸಿತ್ತು. ಅಲ್ಲಿ ಬದಲಿಸಬೇಕಿದ್ದದ್ದು ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕ್‌ಗೆ ಹೋಗುವ ಕೊಳವೆ. 2010ರಲ್ಲಿ ಅದೇ ಕಂಪನಿ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿದ್ದು ಪೆಟ್ರೋಲ್ ಪಂಪಿನ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಪಟ್ಟಿಯ ಸಲುವಾಗಿ. ಟ್ಯಾಂಕಿನ ಮೇಲ್ಭಾಗದಲ್ಲಿ, ತುಂಬುವ ಬಾಯಿಯಲ್ಲಿ ದೋಷ ಇದ್ದರೆ ಟ್ಯಾಂಕ್ ತುಂಬಿಸದೆ ಇರೋದು ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ನಿಮ್ಮ ಪತ್ರ ಹೇಳೋದು ಇಂಜಿನ್ ಭಾಗ. ಅಲ್ಲಿಗೆ ಪೆಟ್ರೋಲ್ ಪಂಪಿನ ಒತ್ತಡದಿಂದ ಹೋಗುತ್ತದೆ. ಟ್ಯಾಂಕಿನಲ್ಲಿ ಐದು ಲೀಟರ್ ಇರಲಿ, ನಲವತ್ತು ಇರಲಿ, ಪೈಪಿನ ಒತ್ತಡ ಒಂದೇ. ಸಾಮಾನ್ಯ ಪೆಟ್ರೋಲ್ ಇಂಜಿನ್‌ನಲ್ಲಿ ಅದು 3-4 ಬಾರ್. ಸಿಲಿಂಡರ್ ಒಳಗೇ ನೇರ ಚಿಮ್ಮಿಸುವ ಇಂಜಿನ್ ಆದರೆ 200 ಬಾರ್ ದಾಟುವುದೂ ಉಂಟು. ಕಾರಿನ ಟೈರಿಗೆ ತುಂಬುವ ಗಾಳಿ ಎರಡು ಎರಡೂವರೆ ಬಾರ್ ಅಂತ ನೆನೆಸಿಕೊಂಡರೆ ಇದರ ಜೋರು ತಿಳಿಯುತ್ತದೆ. ಕೂದಲೆಳೆಯಷ್ಟು ಬಿರುಕು ಇದ್ದರೂ ಪೆಟ್ರೋಲ್ ಹನಿಯಾಗಿ ಬೀಳದೆ ಮಂಜಿನಂತೆ ಚಿಮ್ಮುತ್ತದೆ. ಆ ಮಂಜು ಬೀಳೋದು ಎಲ್ಲಿ? ಹೊಗೆ ಹೊರಹೋಗುವ ಕೊಳವೆ ಪಕ್ಕದಲ್ಲೇ ಇರುತ್ತದೆ. ಜೋರಾಗಿ ಓಡಿಸಿದಾಗ ಅದರ ಶಾಖ 500 ಡಿಗ್ರಿ ದಾಟುತ್ತದೆ.

ಡೀಸೆಲ್ ಕಾರಿನವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಡೀಸೆಲ್ ಸುಲಭವಾಗಿ ಹೊತ್ತೋದಿಲ್ಲ, ನಿಜ. ಆದರೆ ಅಲ್ಲಿನ ಒತ್ತಡ 1,600 ಬಾರ್, 2,000 ಬಾರ್‌ವರೆಗೂ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಅಂತ ಬೆರಳಾಡಿಸಿ ಹುಡುಕಬೇಡಿ. ಆ ಚಿಲುಮೆ ಚರ್ಮ ತೂರಿ ಒಳಹೊಗುತ್ತದೆ. ಕಾಣಲು ಸೂಜಿ ಚುಚ್ಚಿದಷ್ಟೇ ಗಾಯ, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಫಾರ್ಮಾಲಿಟಿ ಅನ್ನುವ ನಿಮ್ಮ ಯಜಮಾನರಿಗೆ ಇದನ್ನು ಹೇಳಿ. ಒಂದು ರೀಕಾಲ್‌ನಿಂದ ಕಂಪನಿಗೆ ದುಡ್ಡೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಸುಮ್ಮನೆ ಯಾರೂ ಮಾಡೋದಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಫೋರ್ಡ್ ಪಿಂಟೊ ಅನ್ನುವ ಕಾರಿಗೆ ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಒಡೆದು ಬೆಂಕಿ ಹತ್ತುತ್ತಿತ್ತು. ಜನ ಸತ್ತರು, ಕೋರ್ಟಿನಲ್ಲಿ ಮೊಕದ್ದಮೆ ನಡೆದವು. 1978ರಲ್ಲಿ ಪಿಂಟೊ ಮತ್ತು ಅದರ ಜೊತೆಯ ಬಾಬ್‌ಕ್ಯಾಟ್ ಸೇರಿ 15 ಲಕ್ಷ ಕಾರುಗಳನ್ನು ಕರೆಸಿದರು. ಮಾಡಿದ ರಿಪೇರಿ ಏನು ಗೊತ್ತಾ? ಟ್ಯಾಂಕಿಗೆ ಒಂದು ಪ್ಲಾಸ್ಟಿಕ್ ತಡೆ, ತುಂಬುವ ಕೊಳವೆಗೆ ಇನ್ನಷ್ಟು ಉದ್ದ, ಉತ್ತಮ ಸೀಲ್. ಅಷ್ಟು ಚಿಕ್ಕ ವಸ್ತು. ಪತ್ರದಲ್ಲಿ ‘ಸಾಧ್ಯತೆ’ ಅಂತ ಮೆತ್ತಗೆ ಬರೆದಿರೋದು ಯಾಕೆ ಅಂದರೆ, ಆ ಅವಧಿಯಲ್ಲಿ ತಯಾರಾದ ಅಷ್ಟೂ ಕಾರುಗಳಿಗೆ ಒಂದೇ ಪತ್ರ ಹೋಗುತ್ತದೆ. ಅದರಲ್ಲಿ ಬಹಳಷ್ಟು ಕಾರುಗಳಿಗೆ ಏನೂ ಆಗದೆ ಇರಬಹುದು. ದೋಷ ಇರುವ ಪಾರ್ಟ್ ಯಾವ ಕಾರಿಗೆ ಹೋಗಿದೆ ಅಂತ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ನಿಮ್ಮ ಮೂಗಿಗೆ ಗೊತ್ತಾಗುತ್ತದೆ. ನಿಮ್ಮ ಕಾರು ಆ ಪಟ್ಟಿಯಲ್ಲಿ ಇದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಅದು 17 ಅಕ್ಷರ, ಅಂಕಿಗಳ ಸಾಲು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರೋದಿಲ್ಲ. ಹಾಗೆ ಕಂಡದ್ದು ಒಂದು, ಸೊನ್ನೆ ಅಂತ ಓದಿಕೊಳ್ಳಿ. ಇಲ್ಲಿ ತಪ್ಪಿ, ‘ನಮ್ಮ ಕಾರು ಪಟ್ಟಿಯಲ್ಲಿ ಇಲ್ಲವಂತೆ’ ಅಂತ ಸುಮ್ಮನಾದವರನ್ನು ನೋಡಿದ್ದೇನೆ.

ಈಗ ನಿಮ್ಮ ಮುಂದಿನ ದಾರಿಗಳು.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಒಂದೇ. ಈ ಕಾರು ತನ್ನ ಚಕ್ರದ ಮೇಲೆ ಓಡಿ ಸರ್ವಿಸ್ ಸೆಂಟರ್‌ಗೆ ಹೋಗಬಾರದು. ಲಾರಿಯ ಮೇಲೆ ಹೇರಿ ಒಯ್ಯಬೇಕು. ಮತ್ತೆ ಫೋನ್ ಮಾಡಿ. ಈ ಸಲ ‘ರೀಕಾಲ್ ಪಾರ್ಟ್ ಬಂತಾ’ ಅಂತ ಕೇಳಬೇಡಿ. ‘ರೀಕಾಲ್ ಇರುವ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ’ ಅನ್ನಿ. ಮೊದಲನೆಯದಕ್ಕೆ ಕಾಯುವವರ ಪಟ್ಟಿ ಇರುತ್ತದೆ. ಎರಡನೆಯದು ಅವರ ಮಟ್ಟಿಗೂ ತುರ್ತು. ಅದನ್ನೇ ಬರಹದಲ್ಲೂ ಕಳಿಸಿ, ಉತ್ತರ ಬರಹದಲ್ಲೇ ಕೇಳಿ. ಒಯ್ಯುವ ವ್ಯವಸ್ಥೆ ಅವರೇ ಮಾಡಲಿ, ಅಲ್ಲಿವರೆಗೆ ಬೇರೆ ಕಾರು ಕೊಡಲಿ ಅಂತಲೂ ಕೇಳಿ. ಎಲ್ಲರೂ ಕೊಡೋದಿಲ್ಲ, ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ. ಜಾಬ್ ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಅಂತ ಬರೆಯಲು ಬಿಡಬೇಡಿ. ‘ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ವಾಸನೆ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಪರೀಕ್ಷಿಸುವುದು’ ಅಂತ ನಿಮ್ಮ ಮಾತಿನಲ್ಲೇ ಬರೆಸಿ.

ಹಾಗೇ ಬಯಲಲ್ಲಿ ನಿಲ್ಲಿಸಿ ಆರು ವಾರ ಕಾಯೋದು ಇನ್ನೊಂದು ದಾರಿ. ಓಡಿಸದೆ ಇದ್ದರೆ ಪೈಪಿನ ಒತ್ತಡ ಕ್ರಮೇಣ ಇಳಿಯುತ್ತದೆ, ಅಪಾಯವೂ ಬಹಳ ಕಡಿಮೆಯಾಗುತ್ತದೆ. ಆದರೆ ವಾರಕ್ಕೊಮ್ಮೆ ಬ್ಯಾಟರಿ ಇಳಿಯದಿರಲಿ ಅಂತ ಸ್ಟಾರ್ಟ್ ಮಾಡುವ ಅಭ್ಯಾಸ ಬೇಡ. ಬ್ಯಾಟರಿ ಇಳಿದರೆ ಇಳಿಯಲಿ.

ಹೊರಗೆ ರಿಪೇರಿ ಬೇಡ. ನಿಮ್ಮ ಮೆಕ್ಯಾನಿಕ್ ಒಳ್ಳೆಯವರೇ ಇರಬಹುದು. ಆದರೆ ಸೋರುವ ಕಡೆ ಕ್ಲಾಂಪ್ ಬಿಗಿದು, ಅಂಟು ಹಚ್ಚಿ, ಸಿಕ್ಕಿದ ರಬ್ಬರ್ ಹೋಸ್ ತುಂಡು ಹಾಕಿ ಕಳಿಸುವ ರಿಪೇರಿ ನಾನು ಬೇಕಾದಷ್ಟು ಬಿಚ್ಚಿದ್ದೇನೆ. ನೀರಿಗೆ ಆಗುವ ಹೋಸ್ ಪೆಟ್ರೋಲ್‌ಗೆ ಆಗೋದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಅಂತೂ ತನಗೆ ಹೊಂದದ ರಬ್ಬರನ್ನು ಬೇಗ ಕೆಡಿಸುತ್ತದೆ. ಹೆಚ್ಚಿನ ಒತ್ತಡದ ಲೋಹದ ಪೈಪನ್ನು ಒಮ್ಮೆ ಬಿಚ್ಚಿದರೆ ಮತ್ತೆ ಅದನ್ನೇ ಹಾಕಬಾರದು, ಹೊಸದೇ ಹಾಕಬೇಕು ಅಂತ ಎಷ್ಟೋ ಕಂಪನಿಗಳ ನಿಯಮ ಇದೆ. ಇದರ ಮೇಲೆ, ಕಂಪನಿಯ ದಾಖಲೆಯಲ್ಲಿ ನಿಮ್ಮ ಕಾರಿನ ರೀಕಾಲ್ ಬಾಕಿ ಅಂತಲೇ ಉಳಿಯುತ್ತದೆ. ನಾಳೆ ಏನಾದರೂ ಆದರೆ ಯಾರ ಕೈಯಿಂದ ಆಯಿತು ಅನ್ನುವ ವಾದ ಶುರುವಾಗುತ್ತದೆ.

ರೀಕಾಲ್ ಪತ್ರ ಬಂದಿದೆ, ಆದರೆ ವಾಸನೆ ಏನೂ ಇಲ್ಲ ಅನ್ನುವವರು ಪತ್ರವನ್ನು ಇನ್ನೊಂದು ಸಲ ಗಮನವಿಟ್ಟು ಓದಿ. ‘ಓಡಿಸಬೇಡಿ’ ಅಂತ ಇದೆಯಾ, ‘ಹೊರಗೆ ನಿಲ್ಲಿಸಿ’ ಅಂತ ಇದೆಯಾ, ಅಥವಾ ಬರೀ ‘ತಂದು ತೋರಿಸಿ’ ಅಂತ ಇದೆಯಾ? ಮೂರೂ ಬೇರೆ ಬೇರೆ. ಮೊದಲನೆಯದಿದ್ದರೆ ಒಂದು ಕಿಲೋಮೀಟರ್ ಕೂಡ ಬೇಡ. ಉಳಿದ ಎರಡರಲ್ಲಿ ಪಾರ್ಟ್ ಬರುವವರೆಗೆ ಎಚ್ಚರದಿಂದ ಓಡಿಸಬಹುದು. ದಿನಾ ಹತ್ತುವ ಮೊದಲು ಬಾನೆಟ್ ಹತ್ತಿರ ಮೂಸಿ ನೋಡಿ, ಬಯಲಲ್ಲೇ ನಿಲ್ಲಿಸಿ. ಪೆಟ್ರೋಲ್ ಇದ್ದಕ್ಕಿದ್ದಂತೆ ಜಾಸ್ತಿ ಖರ್ಚಾಗುತ್ತಿದ್ದರೆ, ಸ್ಟಾರ್ಟ್ ಆಗಲು ತಡ ಮಾಡುತ್ತಿದ್ದರೆ ಅದನ್ನೂ ಸುಳಿವು ಅಂತಲೇ ನೋಡಿ.

ಬೆಂಕಿಯ ಮಾತು ಹೇಳಲೇಬೇಕು. ಸಿನಿಮಾದಲ್ಲಿ ತೋರಿಸುವಂತೆ ಕಾರು ಬಾಂಬಿನ ಹಾಗೆ ಸಿಡಿಯೋದು ಬಹಳ ಅಪರೂಪ. ಆದರೆ ಬಾನೆಟ್ ಒಳಗಿನ ಬೆಂಕಿ ಕೆಲವೇ ನಿಮಿಷದಲ್ಲಿ ಸೀಟಿನವರೆಗೆ ಬರುತ್ತದೆ. ಓಡಿಸುವಾಗ ಜೋರು ವಾಸನೆ ಬಂದರೆ, ಹೊಗೆ ಕಂಡರೆ, ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಇಂಜಿನ್ ಆಫ್ ಆದರೆ ಪಂಪ್ ನಿಲ್ಲುತ್ತದೆ. ಎಲ್ಲರನ್ನೂ ಇಳಿಸಿ, ಮಕ್ಕಳನ್ನು ಮೊದಲು. ಬ್ಯಾಗು, ಕಾಗದ ಹುಡುಕಬೇಡಿ. ಮೂವತ್ತು ಮೀಟರ್ ಆದರೂ ದೂರ ಹೋಗಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಬಾನೆಟ್ ತೆರೆಯಬೇಡಿ. ತೆರೆದ ಕ್ಷಣ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ನೀರು ಎರಚಿದರೆ ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ.

ಪಾರ್ಟ್ ಬಂದು ರಿಪೇರಿಯಾಗುವಾಗ ಒಂದು ಪ್ರಶ್ನೆ ಕೇಳಿ: ‘ಭಾಗ ಬದಲಿಸುತ್ತೀರಾ, ಬರೀ ಪರೀಕ್ಷೆ ಮಾಡಿ ಬಿಡುತ್ತೀರಾ?’ ಇದು ಯಾಕೆ ಮುಖ್ಯ ಅಂದರೆ, 2022ರಲ್ಲಿ ಫೋರ್ಡ್ ಅಮೆರಿಕದಲ್ಲಿ 1.5 ಲೀಟರ್ ಇಂಜಿನ್ನಿನ ಎಸ್ಕೇಪ್, ಬ್ರಾಂಕೊ ಸ್ಪೋರ್ಟ್ ಕಾರುಗಳನ್ನು ಕರೆಸಿತ್ತು. ಇಂಜೆಕ್ಟರ್ ಬಿರುಕು ಬಿಡುವ ದೋಷ. ಆಗ ಇಂಜೆಕ್ಟರ್ ಬದಲಿಸಲಿಲ್ಲ. ಒತ್ತಡ ಇಳಿದರೆ ಎಚ್ಚರಿಸುವ ಸಾಫ್ಟ್‌ವೇರ್ ಹಾಕಿದರು, ಸೋರಿದ್ದು ಬಿಸಿ ಭಾಗದಿಂದ ದೂರ ಹರಿಯಲಿ ಅಂತ ಒಂದು ಕೊಳವೆ ಜೋಡಿಸಿದರು. 2025ರಲ್ಲಿ ಅದೇ ದೋಷಕ್ಕೆ ಸುಮಾರು 6.94 ಲಕ್ಷ ಕಾರುಗಳ ಹೊಸ ರೀಕಾಲ್ ಬಂತು. ಹಿಂದೆ ರಿಪೇರಿಯಾದವೂ ಮತ್ತೆ ಬರಬೇಕಾಯಿತು. ಆದ್ದರಿಂದ ಒಮ್ಮೆ ಆಯಿತಲ್ಲ ಅಂತ ಮರೆಯದೆ ಆರು ತಿಂಗಳಿಗೊಮ್ಮೆ ಚಾಸಿಸ್ ನಂಬರ್ ಹಾಕಿ ನೋಡುತ್ತಿರಿ.

ಮಾರೋದು ನಿಮಗೆ ಬಿಟ್ಟದ್ದು. ಆದರೆ ರಿಪೇರಿ ಆಗುವ ಮೊದಲು ಮಾರಬೇಡಿ, ಮಾರಲೇಬೇಕಾದರೆ ಪತ್ರವನ್ನು ಕೊಳ್ಳುವವರ ಕೈಗೆ ಕೊಡಿ. ಅವರ ಮನೆಯಲ್ಲೂ ಕಾರಿನ ಮೇಲಿನ ಕೋಣೆಯಲ್ಲಿ ಯಾರೋ ಮಲಗುತ್ತಾರೆ. ರಿಪೇರಿಯಾದ ಮೇಲೆ ಇದು ಕೆಟ್ಟ ಕಾರು ಅಂತ ಅಂದುಕೊಳ್ಳಬೇಕಿಲ್ಲ. ದೋಷದ ಭಾಗ ಬದಲಾಗಿದ್ದರೆ ಆ ಭಾಗ ಮೊದಲಿಗಿಂತ ಗಟ್ಟಿಯೇ ಇರುತ್ತದೆ. ಕಾರು ವಾಪಸ್ ಬಂದ ಮೇಲೆ ಒಂದು ವಾರ ಹೊರಗೇ ನಿಲ್ಲಿಸಿ, ದಿನಾ ಬೆಳಿಗ್ಗೆ ಕೀ ಮುಟ್ಟುವ ಮೊದಲು ಒಮ್ಮೆ, ಸ್ಟಾರ್ಟ್ ಮಾಡಿದ ಮೇಲೆ ಒಮ್ಮೆ ಬಾನೆಟ್ ಹತ್ತಿರ ಮೂಸಿ ನೋಡಿ. ಏಳು ದಿನವೂ ವಾಸನೆ ಬರದಿದ್ದರೆ ಮನೆಯ ಕೆಳಗೆ ತನ್ನಿ. ಒಂದು ದಿನ ಬಂದರೂ ಅದೇ ಜಾಬ್ ಕಾರ್ಡ್ ಹಿಡಿದು ವಾಪಸ್ ಹೋಗಿ.